ಕೆಬಿಆರ್ ಪಾರ್ಕಿನ ನವಿಲನ್ನು ಬಿಡಿಸೋದು ಹೇಗೆ?

ಹೈದರಾಬಾದಿನಲ್ಲಿರೋ ನಮ್ಮ ಜನಕ್ಕೆ ಜೂಬಿಲಿ ಹಿಲ್ಸ್‌ನ ಕೆಬಿಆರ್ ಪಾರ್ಕ್ ಅಂದ್ರೆ ವಾಕಿಂಗ್ ಜಾಗ. ಆದ್ರೆ ಸುಮಾರು 390 ಎಕರೆಯ ಈ ಜಾಗ 1998ರಿಂದ ರಾಷ್ಟ್ರೀಯ ಉದ್ಯಾನ. ನನಗೆ ಅದು ಚಿತ್ರ ಬರೆಯೋ ಕಾಡು.

"ಪ್ರಾಣಿಗಳ ಚಿತ್ರ ಬರೆಯೋಕೆ ಕಬಿನಿಗೋ ಬಂಡೀಪುರಕ್ಕೋ ಹೋಗ್ಬೇಕಲ್ವಾ?" ಅಂತ ಬಹಳ ಜನ ಕೇಳ್ತಾರೆ. ಸಫಾರಿ ಜೀಪಿನಿಂದ ಒಂದು ಪ್ರಾಣಿ ಕಾಣೋದು ಎರಡು ನಿಮಿಷ. ಮನೆ ಹತ್ತಿರದ ಪಾರ್ಕಿನಲ್ಲಿ ಅದೇ ಬಂಡೆ, ಅದೇ ನವಿಲು ಪ್ರತಿ ವಾರ ಸಿಗುತ್ತೆ. ಕೈ ಪಳಗೋದು ಹಾಗೆ.

ಮೊದಲು ಪೆನ್ಸಿಲ್ ಮಾತ್ರ ಸಾಕು. ನವಿಲು ಯಾವತ್ತೂ ನಮಗಾಗಿ ಪೋಸ್ ಕೊಡಲ್ಲ. ಅದಕ್ಕೇ ಒಂದೇ ಪುಟದಲ್ಲಿ ನಾಲ್ಕೈದು ಅರ್ಧಂಬರ್ಧ ಚಿತ್ರ ಶುರು ಮಾಡಿ. ತಲೆ ಬಗ್ಗಿಸಿದಾಗ ಒಂದು, ಕತ್ತು ಎತ್ತಿದಾಗ ಇನ್ನೊಂದು. ಹಕ್ಕಿ ಅದೇ ಭಂಗಿಗೆ ವಾಪಸ್ ಬರುತ್ತೆ. ಆಗ ಆ ಚಿತ್ರವನ್ನು ಮುಂದುವರಿಸಿ. ಕಾಲು ಬರೆಯುವಾಗ ಒಂದು ವಿಷಯ ನೆನಪಿರಲಿ: ಹಿಂದಕ್ಕೆ ಮಡಿಸಿದಂತೆ ಕಾಣೋ ಕೀಲು ಮೊಣಕಾಲಲ್ಲ, ಪಾದದ ಕೀಲು. ನಿಜವಾದ ಮೊಣಕಾಲು ಗರಿಗಳೊಳಗೆ ಅಡಗಿರುತ್ತೆ. ಇದು ಗೊತ್ತಾದ್ರೆ ಹಕ್ಕಿ ನೆಲದ ಮೇಲೆ ಗಟ್ಟಿಯಾಗಿ ನಿಲ್ಲುತ್ತೆ.

ಇನ್ನು ಬಣ್ಣ. ನವಿಲಿನ ಕತ್ತಿನಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯ ಒಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸೋದ್ರಿಂದ ನೀಲಿ, ಹಸಿರು ಕಾಣುತ್ತೆ. ಹಕ್ಕಿ ಸ್ವಲ್ಪ ತಿರುಗಿದ್ರೂ ಬಣ್ಣ ಬದಲು. ಹಾಗಾಗಿ ಟ್ಯೂಬಿನ ಒಂದೇ ನೀಲಿ ಬಳಿದ್ರೆ ಕತ್ತು ಪ್ಲಾಸ್ಟಿಕ್ ಥರ ಕಾಣುತ್ತೆ. ನಾನು ಮೊದಲು ಗಾಢ ಕಂದು ಹಚ್ಚಿ, ಒಣಗಿದ ಮೇಲೆ ತೆಳುವಾಗಿ ನೀಲಿ, ಅಲ್ಲಲ್ಲಿ ಹಸಿರು ಹಚ್ತೀನಿ.

ಹಿನ್ನೆಲೆಯನ್ನೂ ಮರೀಬೇಡಿ. ಇಲ್ಲಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಬೆಳಗಿನ ಓರೆ ಬಿಸಿಲಲ್ಲಿ ಒಂದು ಮೈ ತಿಳಿ ಗುಲಾಬಿ, ಇನ್ನೊಂದು ಮೈ ಬೂದು. ಪಕ್ಕದಲ್ಲಿ ನವಿಲು ನಿಂತ್ರೆ ಬಂಡೆ ಎಷ್ಟು ದೊಡ್ಡದು ಅನ್ನೋದು ಚಿತ್ರದಲ್ಲಿ ತಾನಾಗೇ ತಿಳಿಯುತ್ತೆ.

ಪ್ರತಿ ಪುಟಕ್ಕೂ ತಾರೀಕು, ಹೊತ್ತು, ಜಾಗ ಬರೀರಿ. ಮಳೆಗಾಲ ಮುಗಿಯುವಾಗ ಗಂಡು ನವಿಲು ಉದ್ದ ಗರಿಗಳನ್ನು ಉದುರಿಸುತ್ತೆ. ಜೂನ್ ಮತ್ತು ಅಕ್ಟೋಬರ್ ಪುಟಗಳನ್ನು ಪಕ್ಕದಲ್ಲಿಟ್ರೆ ಎರಡು ಬೇರೆ ಹಕ್ಕಿಗಳ ಥರ ಕಾಣುತ್ತೆ. ಸುತ್ತ ಊರು ಒತ್ತಿಕೊಂಡಿರೋ ಇಂಥ ಕಾಡಿನಲ್ಲಿ ಒಂದು ಮರ ಹೋದ್ರೂ, ಒಂದು ಹಕ್ಕಿ ಬರೋದು ನಿಂತ್ರೂ ವಾಕಿಂಗ್ ಮಾಡೋರಿಗೆ ಗೊತ್ತಾಗಲ್ಲ. ತಾರೀಕು ಹಾಕಿದ ಪುಸ್ತಕ ಇದ್ರೆ ಗೊತ್ತಾಗುತ್ತೆ.

ಇದು ಹಳೇ ಪದ್ಧತಿನೇ. ಪಟ್ನಾದಿಂದ ಕೆಲಸಕ್ಕಾಗಿ ಕಲ್ಕತ್ತಾಗೆ ಬಂದ ಶೇಖ್ ಜೈನುದ್ದೀನ್, 1777ರಿಂದ ಇಂಪೆ ದಂಪತಿ ತೋಟದಲ್ಲಿ ಸಾಕಿದ್ದ ಹಕ್ಕಿ, ಪ್ರಾಣಿಗಳನ್ನು ಬರೆದ. ಆ ಚಿತ್ರಗಳ ಮೇಲೆ ಅವನ ಹೆಸರು, ವರ್ಷ ಇವತ್ತಿಗೂ ಇದೆ. ಅವನೂ ನಮ್ಮ ಹಾಗೇ, ಹೊಟ್ಟೆಪಾಡಿಗೆ ಊರು ಬಿಟ್ಟವನು.

ನವಿಲಿಗೆ ಇಲ್ಲಿ ನೆಮಲಿ ಅಂತಾರೆ. ನನ್ನ ಪುಸ್ತಕದಲ್ಲಿ ಎರಡೂ ಹೆಸರು ಬರೀತೀನಿ. ನೀವಿರೋ ಊರಲ್ಲೂ ಒಂದು ಪಾರ್ಕ್ ಇದ್ದೇ ಇರುತ್ತೆ. ದಾರಿ ಬಿಟ್ಟು ಒಳಗೆ ನುಗ್ಗಬೇಡಿ, ಹಕ್ಕಿಗೆ ತಿಂಡಿ ಹಾಕಬೇಡಿ. ಈ ಶನಿವಾರ ಫೋನ್ ಜೇಬಿನಲ್ಲೇ ಇರಲಿ, ಒಂದು ಪೆನ್ಸಿಲ್ ತಗೊಂಡು ಹೋಗಿ ಕೂತ್ಕೊಳ್ಳಿ. ಮುಂದಿನ ಮಾತಿನಲ್ಲಿ ಸಿಗೋಣ.