ಶಿಶುವಿನ ಕೈಯೊಲವು

ಮನುಷ್ಯರಲ್ಲಿ ನೂರಕ್ಕೆ ಸುಮಾರು 90 ಮಂದಿ ಬಲಗೈಯವರು. ಉಳಿದವರಲ್ಲಿ ಬಹುಮಂದಿ ಎಡಚರು. ಕನ್ನಡದಲ್ಲಿ ‘ಬಲ’ವೆಂಬುದು ಒಂದು ಪಕ್ಕದ ಕೈಗೂ ಶಕ್ತಿಗೂ ಹೆಸರಾಗಿದೆ. ಸಂಸ್ಕೃತದ ‘ವಾಮ’ ಶಬ್ದವು ಎಡವನ್ನೂ ಪ್ರತಿಕೂಲವಾದುದನ್ನೂ ಸೂಚಿಸುವುದು. ಎರಡು ಕೈಗಳಿಂದಲೂ ಬಾಣವನ್ನೆಸೆಯಬಲ್ಲ ಅರ್ಜುನನನ್ನು ಸವ್ಯಸಾಚಿಯೆಂದು ಕೊಂಡಾಡಿದ ಜನವೇ ಎಡಗೈಯಿಂದ ಬರೆಯಹೊರಟ ಬಾಲಕನನ್ನು ಗದರಿಸಿ ತಿದ್ದುತ್ತ ಬಂದಿದೆ. ಕೈಯೊಲವು ಬರಿಯ ಅಭ್ಯಾಸವಾಗಿದ್ದರೆ ಈ ತಿದ್ದುಪಾಟಿಗೆ ಅರ್ಥವುಂಟು; ಅಭ್ಯಾಸಕ್ಕಿಂತ ಮೊದಲೇ ಮೂಡಿದುದಾದರೆ ಅದು ನಿಷ್ಕಾರಣವಾದ ಹಿಂಸೆ. ಆದುದರಿಂದ ಈ ಒಲವು ಎಂದು ತೋರುವುದು, ಹೇಗೆ ನೆಲೆಗೊಳ್ಳುವುದು ಎಂಬುದನ್ನು ವಿಚಾರಿಸುವುದು ಯುಕ್ತ.

ಇದರ ಮೊದಲ ಕುರುಹು ಗರ್ಭದಲ್ಲಿಯೇ ಕಾಣುವುದು. ಶಬ್ದಾತೀತ ತರಂಗಗಳ ಮೂಲಕ ಗರ್ಭಸ್ಥ ಶಿಶುಗಳನ್ನು ವೀಕ್ಷಿಸಿದ ಪೀಟರ್ ಹೆಪ್ಪರ್ ಅವರು, ಅವುಗಳಲ್ಲಿ ಬಹುಪಾಲು ಬಲಗೈಯ ಹೆಬ್ಬೆರಳನ್ನೇ ಚೀಪುವುವೆಂದು 1991ರಲ್ಲಿ ಪ್ರಕಟಿಸಿದರು. ಅಂತಹ 75 ಮಕ್ಕಳನ್ನು 10-12 ವರ್ಷದ ಪ್ರಾಯದಲ್ಲಿ ಮರಳಿ ಪರೀಕ್ಷಿಸಿದ ಫಲಿತಾಂಶವು 2005ರಲ್ಲಿ ಹೊರಬಂದಿತು. ಬಲ ಹೆಬ್ಬೆರಳನ್ನು ಚೀಪಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳನ್ನು ಚೀಪಿದ್ದ 15 ಮಕ್ಕಳಲ್ಲಿ 10 ಮಂದಿ ಎಡಚರು, 5 ಮಂದಿ ಬಲಗೈಯವರು. ಒಲವು ಬೋಧನೆಗಿಂತ ಹಿಂದಿನದೆಂಬುದು ಇದರಿಂದ ಸ್ಪಷ್ಟ. ಆದರೆ ಅದು ಅಳಿಸಲಾಗದ ವಿಧಿಲಿಖಿತವಲ್ಲವೆಂಬುದನ್ನೂ ಆ ಐವರು ತೋರಿಸುವರು.

ಅಂಗಾತ ಮಲಗಿದ ನವಜಾತ ಶಿಶುಗಳಲ್ಲಿ ಹೆಚ್ಚಿನವು ತಲೆಯನ್ನು ಬಲಕ್ಕೆ ಹೊರಳಿಸುವುವು. ಆಗ ಮುಖದ ಕಡೆಯ ಕೈ ಚಾಚಿಕೊಂಡು, ಇನ್ನೊಂದು ಮಡಿಸಿಕೊಂಡು, ಬಿಲ್ಲನ್ನು ಸೆಳೆವವನ ಭಂಗಿ ತೋರುವುದುಂಟು. ಚಾಚಿದ ಕೈಯೇ ಕಣ್ಣಿಗೆ ಹೆಚ್ಚಾಗಿ ಬೀಳುವುದು. ಹೀಗೆ ಬಲಕ್ಕೆ ಹೊರಳುವ ಶಿಶುಗಳು ಮುಂದೆ ವಸ್ತುಗಳನ್ನು ಹಿಡಿಯಲು ಪ್ರಾಯಶಃ ಬಲಗೈಯನ್ನೇ ಚಾಚುವುವೆಂದು ಜಾರ್ಜ್ ಮೈಕೆಲ್ ಅವರು 1981ರಲ್ಲಿ ತೋರಿಸಿದರು.

ಇನ್ನು ಕಣ್ಣು-ಕೈಗಳ ಹೊಂದಾಣಿಕೆಯ ವಿಷಯ. ಶಿಶುವು ತನ್ನ ಕೈಯನ್ನು ತಾನೇ ದಿಟ್ಟಿಸಿ ನೋಡುತ್ತ, ದೃಷ್ಟಿಯನ್ನೂ ಹಿಡಿತವನ್ನೂ ಬೆಸೆದುಕೊಳ್ಳುವುದೆಂದು ಪಿಯಾಜೆ 1936ರಲ್ಲಿ ಪ್ರತಿಪಾದಿಸಿದನು. ಈ ಮತಕ್ಕೆ ಎರಡು ತಿದ್ದುಪಡಿಗಳು ಬಂದಿವೆ. ಮೊದಲನೆಯದು: ಹುಟ್ಟಿ ಕೆಲವೇ ದಿನಗಳಾದ ಕೂಸೂ ವಸ್ತುವನ್ನು ನೆಟ್ಟನೋಟದಿಂದ ನೋಡುವಾಗ ಕೈಯನ್ನು ಅದರ ಸಮೀಪಕ್ಕೆ ಒಯ್ಯುವುದೆಂದು ಫಾನ್ ಹೋಫ್‌ಸ್ಟೆನ್ ಅವರು 1982ರಲ್ಲಿ ಕಂಡರು. ಎರಡನೆಯದು: ಕತ್ತಲೆಯಲ್ಲಿ ಹೊಳೆಯುವ ಅಥವಾ ಸದ್ದುಮಾಡುವ ಆಟಿಕೆಯನ್ನು ಶಿಶುಗಳು, ಬೆಳಕಿನಲ್ಲಿ ಹಿಡಿಯಲು ಕಲಿಯುವ ಪ್ರಾಯದಲ್ಲಿಯೇ, ತಮ್ಮ ಕೈ ಕಾಣದಿದ್ದರೂ ಮುಟ್ಟುವುವೆಂದು ಕ್ಲಿಫ್ಟನ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಎಂದರೆ, ಕೈ ಎಲ್ಲಿದೆಯೆಂಬುದನ್ನು ಶಿಶುವು ಸ್ನಾಯುಸಂಧಿಗಳ ಒಳಗಿನ ಅರಿವಿನಿಂದಲೇ ಬಲ್ಲದು. ಹಿಡಿತವನ್ನು ನಯಗೊಳಿಸುವುದು ಕಣ್ಣಿನ ಮುಂದಿನ ಕೆಲಸ. ನಾಲ್ಕೈದು ತಿಂಗಳಿಗೆ ವಸ್ತುವನ್ನು ಹಿಡಿಯುವ ಮಗು, ಆರೇಳು ತಿಂಗಳಿಗೆ ಅದನ್ನು ಕೈಯಿಂದ ಕೈಗೆ ಬದಲಿಸುವುದು. ಒಂಬತ್ತು ಹತ್ತನೆಯ ತಿಂಗಳಲ್ಲಿ ಹೆಬ್ಬೆರಳು ತೋರುಬೆರಳುಗಳಿಂದ ಕಾಳನ್ನು ಹೆಕ್ಕುವುದು.

ಈ ನಡುವೆ ಕೈಯೊಲವು ಒಂದೇ ಸಮನೆ ಬೆಳೆಯುವುದಿಲ್ಲ. ಅದು ಎಡಕ್ಕೂ ಬಲಕ್ಕೂ ಎರಡು ಕೈಗಳಿಗೂ ತೂಗಾಡುವುದನ್ನು ಗೆಸೆಲ್ ಮತ್ತು ಏಮ್ಸ್ 1947ರಲ್ಲಿ ವರ್ಣಿಸಿದರು. ಒಂದು ಕೈ ಡಬ್ಬಿಯನ್ನು ಹಿಡಿದು ಇನ್ನೊಂದು ಮುಚ್ಚಳವನ್ನು ತೆಗೆಯುವಂತಹ ಕೆಲಸಗಳಲ್ಲಿ ಒಲವು ಚೆನ್ನಾಗಿ ವ್ಯಕ್ತವಾಗುವುದು. ಹಲವು ಮಕ್ಕಳಲ್ಲಿ ಅದು ನೆಲೆಗೊಳ್ಳಲು ಕೆಲವು ವರ್ಷಗಳೇ ಬೇಕು. ಆದಕಾರಣ, ವರ್ಷ ತುಂಬುವ ಮುನ್ನವೇ ಮಗುವು ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮುಷ್ಟಿಕಟ್ಟಿ ಸುಮ್ಮನಿಟ್ಟರೆ, ಅದನ್ನು ಜಾಣ್ಮೆಯೆಂದು ಭ್ರಮಿಸಬಾರದು. ಆ ಕೈಯ ದೌರ್ಬಲ್ಯದ ಸೂಚನೆಯಾಗಿರಬಹುದಾದುದರಿಂದ ವೈದ್ಯರಿಗೆ ತೋರಿಸಬೇಕು.

ಶಾಲೆಗೆ ಬರುವ ಬಾಲಕನ ಕೈಯೊಲವಿನ ಹಿಂದೆ ಇಷ್ಟು ದೀರ್ಘವಾದ ಚರಿತ್ರೆಯಿರುವುದು. ಉಪಾಧ್ಯಾಯನು ಬಲಾತ್ಕಾರದಿಂದ ಲೇಖನಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಬಹುದು. ಆ ಚರಿತ್ರೆಯನ್ನು ಬದಲಿಸಲಾರನು. ಎಡಚನಿಗೆ ಬೇಕಾದುದು ದಂಡನೆಯಲ್ಲ. ಹಲಗೆಯನ್ನು ತಕ್ಕಂತೆ ಓರೆಯಾಗಿಟ್ಟುಕೊಳ್ಳುವ ಅವಕಾಶ ಮತ್ತು ಪಕ್ಕದವನ ಮೊಣಕೈ ತಾಗದಷ್ಟು ಸ್ಥಳ.