ಚಪ್ಪಟೆ ತಿಗಣೆಗೂ ಒಂದು ಖಾತೆ

ತಿಗಣೆ ಎಂದ ಕೂಡಲೇ ಮಕ್ಕಳು ಮುಖ ಸಿಂಡರಿಸುತ್ತಾರೆ. ದೊಡ್ಡವರಿಗೆ ಹಳೆಯ ಟಾಕೀಸಿನ ಕುರ್ಚಿ ನೆನಪಾಗುತ್ತದೆ. ಆದರೆ ನಾನು ಹೇಳಹೊರಟಿರುವುದು ರಕ್ತ ಹೀರುವ ಆ ತಿಗಣೆಯ ಕಥೆಯಲ್ಲ, ಅದರ ದೂರದ ನೆಂಟನ ಕಥೆ. ಈ ನೆಂಟನಿಗೆ ಮನುಷ್ಯನ ರಕ್ತವೂ ಬೇಡ, ಹಾಸಿಗೆಯೂ ಬೇಡ. ಕಾಡಿನಲ್ಲಿ ಬಿದ್ದು ಕೊಳೆಯುತ್ತಿರುವ ಮರದ ತೊಗಟೆಯ ಅಡಿಯಲ್ಲಿ ಒಂದಿಷ್ಟು ಜಾಗ, ಅಲ್ಲಿ ಬೆಳೆಯುವ ಬೂಷ್ಟು, ಇಷ್ಟಿದ್ದರೆ ಸಾಕು. ಇದೇ ಚಪ್ಪಟೆ ತಿಗಣೆ.

ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಜೀವಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಹೈಸ್ಕೂಲಿಗೇ ಮುಗಿದಿತ್ತು. ನಿವೃತ್ತಿಯ ನಂತರ ಹುಳುಹುಪ್ಪಟೆಗಳ ಬಗ್ಗೆ ಓದುವ ಗೀಳು ಹತ್ತಿತು. ಓದುತ್ತಾ ಹೋದಂತೆ ಒಂದು ಸಂಗತಿ ಹೊಳೆಯಿತು. ಹೊಸ ಕೀಟವೊಂದಕ್ಕೆ ಹೆಸರಿಡುವ ಕೆಲಸಕ್ಕೂ ನಾವು ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುತ್ತಿದ್ದ ಕೆಲಸಕ್ಕೂ ಬಹಳ ಹೋಲಿಕೆಯಿದೆ!

ಮೊದಲು ಖಾತೆದಾರನ ಪರಿಚಯ. ಚಪ್ಪಟೆ ತಿಗಣೆಗಳಲ್ಲಿ ಹೆಚ್ಚಿನವು ಒಂದು ಸೆಂಟಿಮೀಟರಿಗಿಂತ ಚಿಕ್ಕವು. ಮೈ ಕಾಗದದ ಚೂರಿನಂತೆ ಚಪ್ಪಟೆ, ಬಣ್ಣ ತೊಗಟೆಯಂತೆ ಕಂದು. ಬಾಯಲ್ಲಿ ಕೂದಲಿನಷ್ಟು ತೆಳುವಾದ ಸೂಜಿಗಳಿವೆ. ಅವುಗಳ ಉದ್ದ ಕೆಲವು ಜಾತಿಗಳಲ್ಲಿ ಇಡೀ ಮೈಗಿಂತ ಹೆಚ್ಚು. ಅಷ್ಟುದ್ದದ ಸೂಜಿಯನ್ನು ಎಲ್ಲಿಡುವುದು? ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿ ತಲೆಯೊಳಗೇ ಇಟ್ಟುಕೊಳ್ಳುತ್ತದೆ. ಹಸಿವಾದಾಗ ಸುರುಳಿ ಬಿಚ್ಚಿ, ಕೊಳೆತ ಮರದೊಳಗೆ ಹರಡಿರುವ ಶಿಲೀಂಧ್ರದ ಎಳೆಗಳವರೆಗೆ ಚಾಚಿ ರಸ ಹೀರುತ್ತದೆ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟಾಗ ಯುರೋಪಿನ ಒಂದು ಚಪ್ಪಟೆ ತಿಗಣೆಯನ್ನೂ ಹೆಸರಿಸಿದ. ಆದರೆ ಅದನ್ನು ಹಾಸಿಗೆಯ ತಿಗಣೆಯ ಕುಲಕ್ಕೇ ಸೇರಿಸಿಬಿಟ್ಟಿದ್ದ. ಅವುಗಳಿಗೆ ಪ್ರತ್ಯೇಕ ಕುಲ ಸಿಕ್ಕಿದ್ದು ಆಮೇಲೆ. ಈಗ ಜಗತ್ತಿನಲ್ಲಿ ಸುಮಾರು 2000 ಜಾತಿಯ ಚಪ್ಪಟೆ ತಿಗಣೆಗಳು ಹೆಸರು ಪಡೆದಿವೆ. ಹೆಸರಿಲ್ಲದವು ಇನ್ನೂ ಸಿಗುತ್ತಲೇ ಇವೆ.

ಅಂಥವು ಸಿಗುವ ಒಂದು ಜಾಗ ಮಡಗಾಸ್ಕರ್ ದ್ವೀಪ. ಆಫ್ರಿಕಾದ ಪೂರ್ವಕ್ಕೆ, ಸಮುದ್ರದಲ್ಲಿ ಸುಮಾರು 400 ಕಿಲೋಮೀಟರ್ ಆಚೆಗಿದೆ. ವಿಸ್ತೀರ್ಣ ನಮ್ಮ ಕರ್ನಾಟಕದ ಮೂರು ಪಟ್ಟು. ಒಂದು ಕಾಲಕ್ಕೆ ಅದೂ ನಮ್ಮ ಭಾರತವೂ ಅಂಟಿಕೊಂಡೇ ಇದ್ದವು. ಬೇರೆಯಾಗಿ ಎಂಟು ಕೋಟಿ ವರ್ಷಗಳಿಗಿಂತ ಹೆಚ್ಚಾಯಿತು. ಅಷ್ಟು ಕಾಲ ಒಂಟಿಯಾಗಿದ್ದ ನೆಲದಲ್ಲಿ ಬೇರೆಲ್ಲೂ ಇಲ್ಲದ ಜೀವಿಗಳು ತುಂಬಿರುವುದು ಸಹಜವೇ.

ಅಲ್ಲಿನ ಕಾಡಿನಲ್ಲಿ ಈ ಪುಟ್ಟ ತಿಗಣೆಯನ್ನು ಹಿಡಿಯುವುದು ಹೇಗೆ? ಸತ್ತ ಮರದ ತೊಗಟೆ ಎಬ್ಬಿಸಿ ನೋಡುವುದು ಒಂದು ದಾರಿ. ಇನ್ನೊಂದು ದಾರಿ ಮನೆಯಲ್ಲಿ ಅಮ್ಮ ರಾಗಿ ಜರಡಿ ಹಿಡಿದಂತೆಯೇ. ನೆಲದ ತರಗೆಲೆ, ಕೊಳೆತ ಕಟ್ಟಿಗೆಯ ಪುಡಿ ಎಲ್ಲವನ್ನೂ ಜರಡಿಯಾಡುತ್ತಾರೆ. ಕೆಳಗೆ ಬಿದ್ದದ್ದನ್ನು ಬಲೆಯ ಚೀಲಕ್ಕೆ ತುಂಬಿ, ಅದನ್ನು ಬಟ್ಟೆಯ ಚೀಲದೊಳಗೆ ತೂಗುಹಾಕುತ್ತಾರೆ. ಕಸ ಒಣಗುತ್ತಾ ಬಂದಂತೆ ಹುಳುಗಳು ತಪ್ಪಿಸಿಕೊಳ್ಳಲು ಹೊರಟು ಅಡಿಯಲ್ಲಿಟ್ಟ ಆಲ್ಕೋಹಾಲಿನ ಬಾಟಲಿಗೆ ಬೀಳುತ್ತವೆ. ಬಾಟಲಿಯೊಳಗೆ ಒಂದು ಚೀಟಿ ಇರಲೇಬೇಕು. ಯಾವ ಕಾಡು, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಯಾವ ದಿನ, ಹಿಡಿದವರು ಯಾರು, ಎಲ್ಲವೂ ಅದರಲ್ಲಿರುತ್ತದೆ. ದಿನಾಂಕವಿಲ್ಲದ ವೋಚರನ್ನು ನಾವು ಬ್ಯಾಂಕಿನಲ್ಲಿ ಮುಟ್ಟುತ್ತಿರಲಿಲ್ಲ. ಚೀಟಿಯಿಲ್ಲದ ಹುಳುವಿಗೂ ವಿಜ್ಞಾನಿಗಳು ಅಷ್ಟೇ ಬೆಲೆ ಕೊಡುತ್ತಾರೆ.

ಆಮೇಲೆ ಕಾಯುವ ಸರದಿ. ಹುಳುಗಳು ವಸ್ತುಸಂಗ್ರಹಾಲಯದ ಡ್ರಾಯರ್ ಸೇರುತ್ತವೆ. ಅವುಗಳನ್ನು ಬಲ್ಲವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಹೊಸ ಜಾತಿಯ ಜೀವಿಯೊಂದು ಕೈಗೆ ಸಿಕ್ಕಿ ಅದಕ್ಕೆ ಹೆಸರು ಬೀಳುವಷ್ಟರಲ್ಲಿ ಸರಾಸರಿ 21 ವರ್ಷ ಕಳೆದಿರುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಮಡಗಾಸ್ಕರಿನ ಅನೇಕ ಚಪ್ಪಟೆ ತಿಗಣೆಗಳಿಗೆ ಹೆಸರಿಟ್ಟವರು ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಊರಿನ ಅರ್ನ್ಸ್ಟ್ ಹೈಸ್.

ಇಂಥ ತಜ್ಞರ ಮುಂದೆ ಒಂದು ತಿಗಣೆ ಬಂತು ಎನ್ನಿ. ರೆಕ್ಕೆಯಿಲ್ಲದ ಕೆಲವು ಜಾತಿಗಳ ಮೈಮೇಲೆ ಗಟ್ಟಿ ಕೊಳೆಯ ಹೊದಿಕೆ ಇರುತ್ತದೆ. ಮೊದಲು ಅದನ್ನು ನಾಜೂಕಾಗಿ ತೆಗೆಯಬೇಕು. ಆಗ ಬೆನ್ನಿನ ಏಣು, ಗುಳಿ, ಗುಬುಟುಗಳು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿಟ್ಟು ತಲೆಯ ಉದ್ದಗಲ, ಮೀಸೆಯ ನಾಲ್ಕು ಗೆಣ್ಣುಗಳಲ್ಲಿ ಒಂದೊಂದರ ಉದ್ದ, ಹೊಟ್ಟೆಯ ಅಂಚಿನ ಆಕಾರ ಎಲ್ಲವನ್ನೂ ಅಳೆದು ಬರೆಯುತ್ತಾರೆ. ನಂತರ ಹಳೆಯ ಲೆಡ್ಜರ್ ನೋಡಬೇಕು. ಕಾರ್ಮಿಲೆವ್ ಮತ್ತು ಫ್ರೋಷ್ನರ್ ಎಂಬಿಬ್ಬರು 1987ರಲ್ಲಿ ಅಲ್ಲಿಯವರೆಗಿನ ಚಪ್ಪಟೆ ತಿಗಣೆಗಳ ಜಾಗತಿಕ ಪಟ್ಟಿಯನ್ನೇ ಪ್ರಕಟಿಸಿದ್ದಾರೆ. ಅದಾದ ಮೇಲೆ ಬಂದ ಲೇಖನಗಳನ್ನೂ ಬಿಡುವಂತಿಲ್ಲ. ಒಂದೇ ಜಾತಿಗೆ ಎರಡು ಹೆಸರು ಬಿದ್ದರೆ ಸಾಮಾನ್ಯವಾಗಿ ಮೊದಲು ಬಂದ ಹೆಸರಿಗೇ ಮಾನ್ಯತೆ.

ಇನ್ನು ಸಹಿ ಹೋಲಿಸುವ ಕೆಲಸ. ನಮ್ಮಲ್ಲಿ ಖಾತೆ ತೆರೆಯುವಾಗ ಸ್ಪೆಸಿಮನ್ ಸಹಿಯ ಕಾರ್ಡು ತೆಗೆದಿಡುತ್ತಿದ್ದೆವು. ಮುಂದೆ ಎಷ್ಟು ಚೆಕ್ಕು ಬಂದರೂ ಆ ಕಾರ್ಡಿನ ಸಹಿಯೇ ಪ್ರಮಾಣ. ಕೀಟಶಾಸ್ತ್ರದಲ್ಲೂ ಹಾಗೆಯೇ. ಹೊಸ ಜಾತಿಗೆ ಹೆಸರಿಡುವಾಗ ಒಂದೇ ಒಂದು ಹುಳುವನ್ನು ಆರಿಸಿ ಅದನ್ನು ‘ಹೋಲೋಟೈಪ್’ ಎಂದು ಕರೆಯುತ್ತಾರೆ. ರೂಢಿಯಂತೆ ಅದಕ್ಕೆ ಕೆಂಪು ಚೀಟಿ ಹಚ್ಚಿ ಭದ್ರವಾಗಿಡುತ್ತಾರೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೂ ಆ ಹುಳುವನ್ನೇ ತೆಗೆದು ನೋಡಬೇಕು.

ಹೆಸರಿಗೂ ನಿಯಮವಿದೆ. ಎರಡು ಪದ, ಲ್ಯಾಟಿನ್ ಲಿಪಿ. ಊರಿನ ಹೆಸರಿಡಬಹುದು, ಮೈಯ ಲಕ್ಷಣ ಹಿಡಿದು ಇಡಬಹುದು, ಹುಳು ಹಿಡಿದವರ ಹೆಸರನ್ನೂ ಇಡಬಹುದು. ತನ್ನದೇ ಹೆಸರನ್ನು ಇಟ್ಟುಕೊಳ್ಳುವುದು ಮಾತ್ರ ಸಭ್ಯತೆಯಲ್ಲ!

“ಇಷ್ಟೆಲ್ಲ ಮಾಡಿ ಏನು ಸಿಕ್ಕಿತು ತಾತಾ?” ಎಂದು ಮೊಮ್ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಅವನಿಗೆ ಕಂಪ್ಯೂಟರ್ ಬರುವ ಮೊದಲಿನ ಬ್ಯಾಂಕಿನ ಮಾತು ಹೇಳಿದೆ. ಆಗ ಉಳಿತಾಯ ಖಾತೆಗಳ ಬಾಕಿಯನ್ನೆಲ್ಲ ಕೈಯಿಂದಲೇ ಕೂಡಿ ತಾಳೆ ನೋಡುತ್ತಿದ್ದೆವು. ಸಾವಿರಗಟ್ಟಲೆ ಖಾತೆಗಳ ನಡುವೆ ವರ್ಷಗಳಿಂದ ಯಾರೂ ಮುಟ್ಟದ, ಮೂರು ರೂಪಾಯಿ ಬಾಕಿಯಿರುವ ಒಂದು ಖಾತೆ ಇದ್ದರೂ ಅದನ್ನು ಬರೆದುಕೊಳ್ಳಬೇಕು. ಅದು ಬಿಟ್ಟುಹೋದರೆ ಇಡೀ ಲೆಕ್ಕ ತಾಳೆಯಾಗುವುದಿಲ್ಲ. ಮೂರೇ ರೂಪಾಯಿ ಎಂದು ಕೈಬಿಡುವ ಅಧಿಕಾರ ನಮಗಿರಲಿಲ್ಲ.

ಕಾಡಿನ ಲೆಕ್ಕವಂತೂ ಬೇಗ ಬೇಗ ಬದಲಾಗುತ್ತಿದೆ. 1953ರಿಂದ 2014ರ ನಡುವೆ ಮಡಗಾಸ್ಕರ್ ತನ್ನ ಸಹಜ ಕಾಡಿನ ಶೇಕಡಾ 44ರಷ್ಟನ್ನು ಕಳೆದುಕೊಂಡಿದೆ. ಹಕ್ಕಿಯಾದರೆ ಹಾರಿ ಇನ್ನೊಂದು ಕಾಡು ಹುಡುಕೀತು. ರೆಕ್ಕೆಯಿಲ್ಲದ, ಮೆಲ್ಲಗೆ ತೆವಳುವ ತಿಗಣೆ ಎಲ್ಲಿಗೆ ಹೋದೀತು? ಒಂದೇ ಬೆಟ್ಟದ ಕಾಡಿನಲ್ಲಿ ಬದುಕುವ ಜಾತಿಯಾದರೆ ಆ ಕಾಡಿನೊಂದಿಗೇ ಅದರ ಕಥೆಯೂ ಮುಗಿದಂತೆ. ಡ್ರಾಯರಿನಲ್ಲಿ 21 ವರ್ಷ ಕಾಯುತ್ತಿರುವ ಹುಳುವಿಗೆ ಹೆಸರು ಬರುವ ಹೊತ್ತಿಗೆ ಅದರ ಬಂಧುಗಳು ಬದುಕಿರುತ್ತಾರೋ ಇಲ್ಲವೋ. ಹೆಸರೇ ಇಲ್ಲದ್ದು ಹೋದರೆ, ಹೋಯಿತು ಎಂದು ಬರೆದಿಡಲೂ ಆಗುವುದಿಲ್ಲ.

ಮಕ್ಕಳೇ, ಚಪ್ಪಟೆ ತಿಗಣೆಗಳು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಇವೆ. ಮಲೆನಾಡಿನ ಕಡೆ ಹೋದಾಗ ಬಿದ್ದ ಮರವೊಂದು ಕಂಡರೆ, ಹಿರಿಯರನ್ನು ಜೊತೆಗೆ ಕರೆದುಕೊಂಡು, ಸಡಿಲವಾದ ತೊಗಟೆಯನ್ನು ಕೋಲಿನಿಂದ ಮೆಲ್ಲಗೆ ಎತ್ತಿ ನೋಡಿ. ಕೈ ಹಾಕಬೇಡಿ, ಅಲ್ಲಿ ಚೇಳೂ ಇರಬಹುದು. ಕಂದು ಬಣ್ಣದ ಚಪ್ಪಟೆ ಜೀವವೊಂದು ಅಲುಗಾಡದೆ ಕುಳಿತಿದ್ದರೆ ಒಂದು ಚಿತ್ರ ಬರೆದುಕೊಳ್ಳಿ, ಪಕ್ಕದಲ್ಲಿ ಊರು, ದಿನಾಂಕ ನಮೂದಿಸಿ. ನೋಡಿಯಾದ ಮೇಲೆ ತೊಗಟೆಯನ್ನು ಇದ್ದ ಹಾಗೆಯೇ ಮುಚ್ಚಿಡಿ. ಅದು ಅವರ ಮನೆಯ ಬಾಗಿಲು.