ಪುಸ್ತಕ ಒಂದು, ಬರೆಯುವ ಕೈ ಎರಡು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಣ್ಣನ ಅಂಗಡಿ, ಭದ್ರಾವತಿಯಲ್ಲಿ ತಮ್ಮನದು, ಲೆಕ್ಕ ಮಾತ್ರ ಮೊಬೈಲ್‌ನಲ್ಲಿ ಒಂದೇ ಅಂತ ಇಟ್ಟುಕೊಳ್ಳಿ. ಬಾಕಿ 500 ರೂಪಾಯಿ ಇರೋದನ್ನು ಇಬ್ಬರೂ ಒಂದೇ ಹೊತ್ತಿಗೆ ನೋಡುತ್ತಾರೆ. ಅಣ್ಣ 200 ಕೂಡಿಸಿ 700 ಎಂದು ಬರೆಯುತ್ತಾನೆ. ಅದನ್ನು ಕಾಣದ ತಮ್ಮ ತನ್ನ 300 ಕೂಡಿಸಿ 800 ಎಂದು ಬರೆಯುತ್ತಾನೆ. ಇರಬೇಕಾದದ್ದು 1000. ಕದ್ದವರು ಯಾರೂ ಇಲ್ಲ, 200 ರೂಪಾಯಿ ಮಾತ್ರ ಇಲ್ಲ.

ಇಂಥ ಎಡವಟ್ಟಿನ ಮೂಲಕ್ಕೆ ಕಂಪ್ಯೂಟರಿನವರು ಡೇಟಾ ರೇಸ್ ಅನ್ನುತ್ತಾರೆ. ನಮ್ಮ ಮನೆಗಳ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಮೆಮೊರಿ, ನೆಟ್‌ವರ್ಕ್, ಬ್ಯಾಟರಿ ಎಲ್ಲವನ್ನೂ ಹಂಚುವ ಮೇಸ್ತ್ರಿ ಅದು. ಅಲ್ಲಿ ಹಲವು ಪ್ರೊಸೆಸರ್ ಕೋರ್‌ಗಳು ಒಂದೇ ಪುಸ್ತಕಕ್ಕೆ ಕೈ ಹಾಕುತ್ತವೆ. ಗಲ್ಫಿನಿಂದ ಮಗ ಉಮ್ಮನಿಗೆ ವಿಡಿಯೋ ಕಾಲ್ ಮಾಡುವಾಗಲೂ ಇದು ನಡೆಯುತ್ತಲೇ ಇರುತ್ತದೆ.

ಈ ತಪ್ಪು ಹಿಡಿಯಲು ಗೂಗಲ್‌ನ ಎಂಜಿನಿಯರುಗಳು 2019ರಲ್ಲಿ ಕೆಸಿಸ್ಯಾನ್ ಎಂಬ ಪತ್ತೆಗಾರನನ್ನು ಮುಂದಿಟ್ಟರು. 2020ರಲ್ಲಿ ಲಿನಕ್ಸ್ 5.8 ಆವೃತ್ತಿಗೆ ಅದು ಸೇರಿತು. ಅದರ ಉಪಾಯ ಸರಳ. ಎಲ್ಲ ಪುಟವನ್ನೂ ಕಾಯಲು ಹೋಗುವುದಿಲ್ಲ. ಸಾವಿರಾರು ಬಾರಿ ಓದು-ಬರಹ ನಡೆದಾಗ ಒಂದನ್ನು ಆರಿಸಿ, ಮೈಕ್ರೋಸೆಕೆಂಡುಗಳಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಇನ್ನೊಂದು ಕೈ ಬಂದರೆ ಎರಡೂ ಕಡೆಯ ವಿಳಾಸ ಸಮೇತ ದೂರು ಬರೆಯುತ್ತದೆ. ಹಾಗಾಗಿ ಇದರ ದೂರು ಊಹೆಯಲ್ಲ, ಕಣ್ಣಾರೆ ಕಂಡದ್ದು.

ಹಾಗಿದ್ದರೆ ಸುಳ್ಳು ಎಚ್ಚರಿಕೆ ಎಲ್ಲಿಂದ? ತೊಂದರೆ ಇಲ್ಲಿದೆ. ಎರಡು ಕೈ ಸೇರಿದ್ದು ನಿಜ, ಆದರೆ ಅದರಿಂದ ನಷ್ಟ ಆಗದಿರಬಹುದು. ಎಷ್ಟು ಗಿರಾಕಿ ಬಂದರು ಎಂಬ ಅಂದಾಜಿನ ಎಣಿಕೆಯಲ್ಲಿ ಒಂದೆರಡು ತಪ್ಪಿದರೆ ಅಂಗಡಿ ಮುಳುಗುತ್ತದೆಯೇ? ಕರ್ನೆಲ್‌ನಲ್ಲೂ ಬರೀ ಅಂಕಿಅಂಶಕ್ಕೆ ಇಟ್ಟ ಎಣಿಕೆಗಳು ಬೇಕಾದಷ್ಟಿವೆ. ಅಂಥದ್ದರ ದೂರುಗಳು ರಾಶಿ ಬಿದ್ದರೆ ಓದುವವನಿಗೆ ಬೇಸರ ಬರುತ್ತದೆ, ನಿಜವಾದ ದೂರೂ ಅದರಡಿ ಹೂತುಹೋಗುತ್ತದೆ.

ಅದಕ್ಕೆ ಜರಡಿಗಳಿವೆ. ಕಾಯುತ್ತಿದ್ದಾಗ ಅಂಕಿ ಬದಲಾಗದಿದ್ದರೆ, ಅಂದರೆ ಇದ್ದ 500ರ ಮೇಲೆ ಮತ್ತೆ 500 ಅಂತಲೇ ಬರೆದಿದ್ದರೆ, ದೂರು ಬೇಡ ಅನ್ನಬಹುದು. ಒಂದೇ ಏಟಿಗೆ ಬರೆದು ಮುಗಿಯುವ ಸಣ್ಣ ಬರಹವನ್ನು ಅರ್ಧಕ್ಕೆ ತುಂಡಾಗದ್ದು ಎಂದು ನಂಬಿ ಬಿಡಬಹುದು. ಯಾರು ಬದಲಿಸಿದರೆಂದು ಗೊತ್ತಾಗದೆ ಅಂಕಿ ಮಾತ್ರ ಬದಲಾದ ದೂರುಗಳನ್ನೂ ಬಂದ್ ಮಾಡಬಹುದು. ಆದರೆ ಜರಡಿ ದೊಡ್ಡದಾದಷ್ಟು ಕಲ್ಲಿನ ಜೊತೆ ಅಕ್ಕಿಯೂ ಹೋಗುವ ಭಯ ಇದ್ದೇ ಇದೆ.

ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ. ಕೋಡ್ ಬರೆದವನೇ ಬಾಯಿಬಿಟ್ಟು ಹೇಳಬೇಕು. ಇಲ್ಲಿ ಪೈಪೋಟಿ ಇದೆ, ನಷ್ಟವಿಲ್ಲ ಅನ್ನುವುದಾದರೆ ಆ ಜಾಗಕ್ಕೆ 'ಡೇಟಾ ರೇಸ್' ಎಂಬ ಗುರುತು ಹಾಕುತ್ತಾನೆ, ಪತ್ತೆಗಾರ ಸುಮ್ಮನಾಗುತ್ತದೆ. ಇಬ್ಬರು ಮುಟ್ಟುತ್ತಾರೆಂದು ಗೊತ್ತಿದ್ದೇ ಬರೆದ ಕಡೆ 'ರೀಡ್ ಒನ್ಸ್', 'ರೈಟ್ ಒನ್ಸ್' ಗುರುತು. ಅವು ಕಂಪೈಲರ್ ಆ ಓದು-ಬರಹವನ್ನು ತುಂಡು ಮಾಡದಂತೆ, ಎರಡೆರಡು ಸಲ ಮಾಡದಂತೆ ತಡೆಯುತ್ತವೆ.

ಮೋಸವೂ ಇಲ್ಲೇ ನುಸುಳುವುದು. ಪಟ್ಟಿ ಬೇಗ ಖಾಲಿಯಾಗಲಿ ಎಂದು ಕಂಡಕಂಡಲ್ಲಿ ಈ ಗುರುತು ಅಂಟಿಸಿದರೆ ದೂರು ನಿಲ್ಲುತ್ತದೆ, ಲಾಕ್ ಹಾಕಬೇಕಾದ ಜಾಗ ಹಾಗೇ ಉಳಿಯುತ್ತದೆ. ಅಣ್ಣ-ತಮ್ಮನ 200 ರೂಪಾಯಿ 'ರೈಟ್ ಒನ್ಸ್' ಬರೆದರೂ ವಾಪಸ್ ಬರೋದಿಲ್ಲ. ನೋಡಿ ಕೂಡಿಸಿ ಬರೆಯುವ ತನಕ ಪುಸ್ತಕ ಒಬ್ಬನ ಕೈಯಲ್ಲೇ ಇರಬೇಕು.

ಇಂಥದ್ದೊಂದು ರೇಸ್‌ನ ಬೆಲೆ ಎಷ್ಟೆಂದು ಕೇಳುವವರಿಗೆ 2003ರ ಆಗಸ್ಟ್ 14 ನೆನಪಿಸಬೇಕು. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಒಹಾಯೊದ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡಬೇಕಾದ ಸಾಫ್ಟ್‌ವೇರೇ ರೇಸ್‌ಗೆ ಸಿಕ್ಕಿ ನಿಂತುಹೋಗಿತ್ತು. ಗಂಟೆ ಬಾರಿಸಲಿಲ್ಲ, ಎಲ್ಲ ಸರಿಯಿದೆ ಅಂದುಕೊಂಡರು. ಅದು ಕರ್ನೆಲ್‌ನ ತಪ್ಪಲ್ಲ, ಆದರೆ ರೋಗ ಅದೇ ಜಾತಿಯದು.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗ-ಹುಡುಗಿಯರು ಕೊನೇ ವರ್ಷದ ಪ್ರಾಜೆಕ್ಟಿಗೆ ಹಾಜರಿ ಆ್ಯಪ್ ಬಿಟ್ಟು ಇದನ್ನು ಯಾಕೆ ನೋಡಬಾರದು? ದುಡ್ಡೇನೂ ಬೇಡ. ಲಿನಕ್ಸ್ ಕೋಡ್ ಪುಕ್ಕಟೆ. ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್ 11ನೇ ಆವೃತ್ತಿ ಇಲ್ಲವೇ ಹೊಸದು ಇರಬೇಕು. ಕೆಸಿಸ್ಯಾನ್ ಆನ್ ಮಾಡಿ ಕರ್ನೆಲ್ ಕಟ್ಟಿ, ಲ್ಯಾಪ್‌ಟಾಪಿನೊಳಗೇ ಕ್ಯೂಎಮು ಎಂಬ ನಕಲಿ ಯಂತ್ರದಲ್ಲಿ ಓಡಿಸಬಹುದು. ಓಟ ಹಲವು ಪಟ್ಟು ನಿಧಾನ, ತಾಳ್ಮೆ ಬೇಕು. ಬಂದ ಮೊದಲ ದೂರಿನಲ್ಲಿ ಎರಡು ಫಂಕ್ಷನ್‌ಗಳ ಹೆಸರಿರುತ್ತದೆ. ಆ ಎರಡನ್ನೂ ತೆರೆದು, ಯಾವ ಲಾಕ್ ಯಾರ ಕೈಯಲ್ಲಿತ್ತೆಂದು ಓದುವುದರಿಂದ ಶುರು ಮಾಡಬಹುದು.